ಕೆಮ್ಮು ತೆಗೆದ ಕೂಗು

ನನ್ನ ಕೆಲಸ ಕೈ ಆಡಿಸುವುದು. ಸೇಲಂನಲ್ಲಿ ಪಿಟೀಲು, ವಯೋಲ, ಚೆಲ್ಲೊ ನುಡಿಸುವ ಇಪ್ಪತ್ತೆರಡು ಜನರ ಮೇಳವೊಂದನ್ನು ಕಟ್ಟಿಕೊಂಡಿದ್ದೇನೆ. ಅವರ ಮುಂದೆ ನಿಂತು ಯಾರು ಯಾವಾಗ ಶುರು ಮಾಡಬೇಕು, ಎಷ್ಟು ಜೋರು, ಎಲ್ಲಿ ಸುಮ್ಮನಾಗಬೇಕು ಅಂತ ಕೈಯಲ್ಲೇ ಹೇಳುತ್ತೇನೆ. ಇದಕ್ಕೆ ಕಂಡಕ್ಟರ್ ಅಂತಾರೆ. ಬಸ್ಸಿನದಲ್ಲಪ್ಪಾ ಅಂತ ಊರಲ್ಲಿ ಹೇಳಿ ಹೇಳಿ ಬಾಯಿ ಸೋತಿದೆ. ನನ್ನಕ್ಕ ಒಂದೇ ಒಂದು ಸಲ ಬಂದು ನೋಡಿದಳು. ಎರಡು ಗಂಟೆ ಕೈ ಕಟ್ಟಿಕೊಂಡು ಕೂತಿದ್ದು, ಹೊರಗೆ ಬಂದವಳೇ, "ಎಲ್ರೂ ಕೂತ್ಕಂಡು ಬಾರಿಸ್ತಾವ್ರೆ, ನಿಂಗೊಂದು ಕುರ್ಚಿನೂ ಆಕ್ಲಿಲ್ವಲ್ಲೋ ಪಾಪಿಗಳು" ಅಂದಳು. ನಾನು ನಕ್ಕೆ. ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ, ಅಕ್ಕನಿಗೆ ಹದಿನೈದು. ಆಮೇಲೆ ನನಗೆ ಅವ್ವ ಅಂದರೂ ಅವಳೇ, ಅಕ್ಕ ಅಂದರೂ ಅವಳೇ. ಕೊಳತ್ತೂರಿನಿಂದ ಮಣ್ಣುದಾರಿಯಲ್ಲಿ ಒಳಗೆ ಹೋದರೆ ಮೇಟ್ಟೂರು ಡ್ಯಾಮಿನ ಹಿನ್ನೀರು ಸಿಗುತ್ತದೆ, ಅದರ ದಂಡೆಯ ಮೇಲೆ ನಮ್ಮೂರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಮೀಸೆ ಬಂದ ಮೇಲೆ, ಚೆನ್ನೈಯಲ್ಲಿ, ಜೊತೆಗೆ ನುಡಿಸುತ್ತಿದ್ದ ಹಾಸನದ ಕಡೆಯವನೊಬ್ಬನ ಹತ್ತಿರ. ಅಕ್ಕ ಯಾವ ಅಕ್ಷರವನ್ನೂ ಕಲಿಯಲಿಲ್ಲ. ಹತ್ತು ವರ್ಷಕ್ಕೇ ನನ್ನನ್ನು ಮೇಟ್ಟೂರಿನ ಹಾಸ್ಟೆಲಿಗೆ ಹಾಕಿದಳು. ಅಲ್ಲಿಯ ಮೇಷ್ಟರೊಬ್ಬರು ಕೈಗೆ ಪಿಟೀಲು ಕೊಟ್ಟರು. ಮುಂದೆ ಇಪ್ಪತ್ತು ವರ್ಷ ಚೆನ್ನೈಯ ಸ್ಟುಡಿಯೋಗಳಲ್ಲಿ ಹಿನ್ನೆಲೆ ಸಂಗೀತಕ್ಕೆ ನುಡಿಸಿದೆ. ಆ ಕೆಲಸವನ್ನು ಕಂಪ್ಯೂಟರೇ ಮಾಡತೊಡಗಿದಾಗ ಸೇಲಂಗೆ ಬಂದು ಮೇಳ ಕಟ್ಟಿದೆ. ಅಕ್ಕ ಮಾತ್ರ ಇದ್ದಲ್ಲೇ ಇದ್ದಳು, ಕುರಿಗಳ ಜೊತೆ.

ಅವಳ ಕುರಿ ಮೇಚೇರಿ ಕಡೆಯವು, ಉಣ್ಣೆಯಿಲ್ಲದ ಕೆಂಪು ಕುರಿ. ಊರಿನ ಎಲ್ಲರ ಕುರಿಯೂ ಅದೇ ಕೆಂಪು. ಡ್ಯಾಮಿನ ನೀರು ಇಳಿದಾಗ ಎದ್ದ ನೆಲದಲ್ಲಿ ಹುಲ್ಲು ಬರುತ್ತದಲ್ಲ, ಅಲ್ಲಿ ನಾಲ್ಕೈದು ಮನೆಯ ಮಂದೆಗಳು ಒಟ್ಟಿಗೇ ಮೇಯುತ್ತವೆ, ಒಟ್ಟಿಗೇ ನೀರಿಗಿಳಿಯುತ್ತವೆ. ಕಲೆಸಿ ಒಂದಾಗಿಬಿಡುತ್ತವೆ. ಯಾರ ಕುರಿ ಯಾವುದು ಅಂತ ಕಣ್ಣಲ್ಲಿ ಬೇರೆ ಮಾಡುತ್ತಾ ಕೂತರೆ ಮುಗಿಯುವುದಿಲ್ಲ. ಹೊತ್ತು ಇಳಿದಾಗ ಒಬ್ಬೊಬ್ಬರು ಒಂದೊಂದು ದಿಬ್ಬದ ಮೇಲೆ ನಿಂತು ಕೂಗುತ್ತಾರೆ, ಒಬ್ಬರದು ಮುಗಿದ ಮೇಲೆ ಇನ್ನೊಬ್ಬರು. ಆ ಕೂಗು ಗೊತ್ತಿದ್ದ ಕುರಿ ಮಾತ್ರ ತಲೆ ಎತ್ತಿ, ಉಳಿದವುಗಳ ನಡುವೆ ನುಗ್ಗಿಕೊಂಡು ಅತ್ತ ಬರುತ್ತವೆ. ಅರ್ಧ ಗಂಟೆಯಲ್ಲಿ ಐದು ಮಂದೆ ಐದು ದಾರಿ ಹಿಡಿದಿರುತ್ತವೆ. ಚಿಕ್ಕವನಿದ್ದಾಗ ನಾನು ಅದನ್ನು ನೋಡಲಿಕ್ಕೇ ಓಡುತ್ತಿದ್ದೆ. ಅಷ್ಟು ಅಚ್ಚುಕಟ್ಟಾಗಿ ಇವತ್ತಿಗೂ ನನ್ನ ಮೇಳ ನನ್ನ ಮಾತು ಕೇಳಿಲ್ಲ.

ಅಕ್ಕನ ಕೂಗು ಮೊದಲು ಕೆಳಗಿನಿಂದ ಎದ್ದು, ಮೇಲೆ ಹೋಗಿ ಒಂದು ಕಡೆ ಒಡೆದು, ಆಮೇಲೆ ನಿಧಾನವಾಗಿ ಜಾರಿ ಬರುತ್ತಿತ್ತು. ಆ ಒಡೆಯುವ ಜಾಗ ನಮ್ಮ ಸರಿಗಮದಲ್ಲೂ ಇಲ್ಲ, ಪಾಶ್ಚಾತ್ಯರ ಲೆಕ್ಕದಲ್ಲೂ ಇಲ್ಲ, ಎರಡರ ಸಂದಿಯಲ್ಲಿ ಎಲ್ಲೋ ಇತ್ತು. ಈಚಿನ ಮೂರು ವರ್ಷ ಕೂಗುವ ಮೊದಲು ಅವಳು ಕೆಮ್ಮುತ್ತಿದ್ದಳು. ಎರಡು ಸಲ ಒಣಕೆಮ್ಮು, ಒಂದು ಸಲ ಕ್ಯಾಕರಿಸುವುದು, ಆಮೇಲೆ ಕೂಗು. ಹಬ್ಬಕ್ಕೆ ಹೋದಾಗೆಲ್ಲ ಆ ಕೆಮ್ಮು ನನ್ನ ಕಿವಿಗೆ ಬಿದ್ದಿತ್ತು. ಧೂಳು ಅಂದಳು, ಹೂಂ ಅಂದೆ. ಹಿಂದಿನ ಸಾಲಿನಲ್ಲಿ ಒಂದು ವಯೋಲದ ತಂತಿ ಕೂದಲೆಳೆಯಷ್ಟು ಇಳಿದಿದ್ದರೆ ಹೆಸರು ಹಿಡಿದು ಬೈಯುವ ನಾನು, ಒಡಹುಟ್ಟಿದವಳ ಗಂಟಲು ಮೂರು ವರ್ಷದಿಂದ ಕೆಡುತ್ತಿರುವುದನ್ನು ಕೇಳಿಸಿಕೊಳ್ಳಲಿಲ್ಲ. ಥೂ ನನ್ನ ಕಿವಿಗೆ.

ಕೊನೆಗೆ ಅನ್ನ ನುಂಗಲಾಗದೆ ಸೇಲಂಗೆ ಬಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಹೇಳಲಿಲ್ಲ. "ವಾಯ್ಸ್ ಬಾಕ್ಸ್ ಎಡುತ್ತೇ ಆಗಣುಂ" ಅಂದರು. ಧ್ವನಿಪೆಟ್ಟಿಗೆ ತೆಗೆಯಲೇಬೇಕು. ಇನ್ನು ಮೇಲೆ ಉಸಿರಾಡುವುದು ಕುತ್ತಿಗೆಯಲ್ಲಿ ಕೊರೆದ ತೂತಿನಿಂದ, ಮಾತು ಹೊರಡುವುದಿಲ್ಲ. ಅಕ್ಕನ ಮಗಳು, ಕೊಳತ್ತೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಲ್ಲೇ ಕುಸಿದು ಅತ್ತಳು. ಅಕ್ಕ ಅಳಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕೂತು ಸುಮಾರು ಹೊತ್ತು ಸೆರಗಿನ ತುದಿ ತಿರುವಿದಳು.

"ಮಾತು ಓದ್ರೆ ಓಗ್ಲಿ ಬುಡು," ಅಂದಳು. "ಯಾರತ್ರ ಏನು ಆಡ್ಬೇಕಿತ್ತು ನಾನು? ಕುರಿಗೇನ್ಲಾ ಮಾಡ್ಲಿ?"

"ಕುರಿ ಬಿಡಕ್ಕ ಈಗ. ಜೀವ ಉಳಿದ್ರೆ ಸಾಕು."

"ಬುಟ್ಬುಟ್ಟು? ಬೆಳಿಗ್ಗೆ ಎದ್ದು ನಾನು ಎತ್ತ ಓಗ್ಲಿ, ಏಳು."

ಅವಳೇ ಯೋಚನೆ ಮಾಡಿ ಇಟ್ಟುಕೊಂಡಿದ್ದಳು. "ನಿನ್ನತ್ರ ಆ ಮಿಷಿನ್ ಐತಲ್ಲ, ಪಿಟೀಲು ಇಡಿಯೋದು. ಅದ್ರಾಗೆ ನನ್ ಕೂಗು ಇಡ್ದಿಟ್ಬುಡು. ನೀರತ್ರ ಇವ್ಳು ಅದನ್ನ ಓಡುಸ್ಲಿ, ನಾನು ದಿಬ್ಬದ ಮ್ಯಾಲೆ ನಿಂತ್ಕತೀನಿ. ಬತ್ತವೆ ಅವು. ನನ್ ಕೂಗಿಗೆ ಬರ್ದೆ ಇನ್ಯಾರಿಗೆ ಬಂದಾವು?"

ಮಾರನೆಯ ದಿನ ಅವಳನ್ನು ನನ್ನ ಅಭ್ಯಾಸದ ಕೋಣೆಗೆ ಕರೆದುಕೊಂಡು ಹೋದೆ. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ನನ್ನ ಹತ್ತಿರವಿದ್ದ ಒಳ್ಳೆಯ ಮೈಕನ್ನೇ ಮುಂದೆ ನಿಲ್ಲಿಸಿದೆ. ಅವಳು ಮೈಕನ್ನು ನೋಡಿದಳು, ಗೋಡೆ ನೋಡಿದಳು, ನಕ್ಕುಬಿಟ್ಟಳು. "ಕುರಿನೇ ಇಲ್ದೆ ಎಂಗ್ಲಾ ಕೂಗ್ಲಿ? ನಾಚ್ಕೆ ಆಯ್ತದೆ." ನಾನು ಮೂಲೆಯಲ್ಲಿ ಮಂಡಿಯೂರಿ ಕೂತು, ನಾನೇ ಕುರಿ ಅಂದುಕೋ ಅಂದೆ. ಅದಕ್ಕೆ ಇನ್ನೂ ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮಿ ಕೂಗಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಇನ್ನೊಂದು ಸಲ ಅಂದೆ, ಕೆಮ್ಮು ಕೂಗಿನ ಮೇಲೆ ಬಿತ್ತು ಅಂದೆ. ಉಸಿರು ಮೈಕಿಗೆ ಹೊಡೆಯಿತು, ಇನ್ನೊಂದು ಸಲ. ಹೀಗೆ ಹನ್ನೆರಡು ಸಲ ಕೂಗಿಸಿದೆ. ಹನ್ನೆರಡನೆಯದು ಮುಗಿಸಿ ಅವಳು ಬಾಯಿಗೆ ಒತ್ತಿಕೊಂಡ ಟವಲಿನಲ್ಲಿ ರಕ್ತದ ಗೆರೆ ಇತ್ತು. ನಾನು ನೋಡುತ್ತಿದ್ದಂತೆ ಅದನ್ನು ಮಡಚಿ ಒಳಗೆ ಮಾಡಿದಳು. "ಸಾಕೇನ್ಲಾ? ಚೆಂದಾಗಿ ಬಂತಾ?" ಅಂದಳು. ಚೆಂದಾಗಿ ಬಂತು ಅಂದೆ.

ಆಪರೇಷನ್ ಆಯಿತು. ಅವಳು ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ನಾನು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಆ ಕೂಗನ್ನು ತಿದ್ದಿದೆ. ಹನ್ನೆರಡರಲ್ಲಿ ಒಂದನ್ನು ಆರಿಸಿದೆ. ಕೂಗಿಗೆ ಮುಂಚಿನ ಕೆಮ್ಮು ಕತ್ತರಿಸಿದೆ, ಕ್ಯಾಕರಿಸಿದ್ದು ತೆಗೆದೆ. ನಡುವೆ ಸೀಳಿದ್ದ ಕಡೆ ಇನ್ನೊಂದು ಸಲದ್ದನ್ನು ತಂದು ಹೊಲಿದೆ, ಗೊರಗೊರವನ್ನೆಲ್ಲ ಜಾಲಿಸಿದೆ. ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷ ಕಲಿತ ವಿದ್ಯೆ ಅದು. ಕೊನೆಗೆ ಕೇಳಿದಾಗ ಕೂಗು ನೀರಿನ ಹಾಗೆ ತಿಳಿಯಾಗಿತ್ತು. ನನಗೆ ಅಳು ಬಂತು. ಕಾಯಿಲೆ ಅಕ್ಕನಿಂದ ಕಸಿದುಕೊಂಡದ್ದನ್ನು ನಾನು ವಾಪಸ್ಸು ಕೊಟ್ಟೆ ಅಂತಲೇ ನಂಬಿದೆ. ಅಕ್ಕನಿಗೇ ಒಂದು ಸಲ ಕೇಳಿಸೋಣ ಅಂತ ಯಾಕೆ ಅನ್ನಿಸಲಿಲ್ಲವೋ. ಮಾತಿಲ್ಲದೆ ಮಲಗಿದವಳಿಗೆ ಅದನ್ನು ಕೇಳಿಸುವುದು ಗಾಯಕ್ಕೆ ಉಪ್ಪು ಹಾಕಿದಂತೆ ಅಂದುಕೊಂಡಿದ್ದೆ. ಸುಳ್ಳಲ್ಲ, ಹಾಗೇ ಅಂದುಕೊಂಡಿದ್ದೆ.

ಆಪರೇಷನ್ನು, ಆಮೇಲೆ ಊರವರು ಕರೆಂಟು ಅನ್ನುವ ರೇಡಿಯೇಶನ್ ಚಿಕಿತ್ಸೆ, ಎಲ್ಲ ಮುಗಿದು ಅವಳು ಊರಿಗೆ ಹೋಗುವ ಹೊತ್ತಿಗೆ ಐದು ತಿಂಗಳಾಗಿತ್ತು. ಅಷ್ಟೂ ದಿನ ಅವಳ ನಲವತ್ತು ಚಿಲ್ಲರೆ ಕುರಿಯನ್ನು ಪಕ್ಕದ ಮನೆಯ ದೊಡ್ಡಪ್ಪ ತನ್ನ ಮಂದೆಯ ಜೊತೆ ಮೇಯಿಸಿದ್ದ. ದೂರದ ನೆಂಟ, ವರಸೆಯಲ್ಲಿ ದೊಡ್ಡಪ್ಪ, ಅಕ್ಕನಿಗಿಂತ ಏಳೆಂಟು ವರ್ಷ ದೊಡ್ಡವನು. ಸಾಯಂಕಾಲ ಎಲ್ಲವೂ ಅವನ ಕೂಗಿಗೇ ಅವನ ಹಿಂದೆ ಹೋಗುತ್ತಿದ್ದವು. ಅಕ್ಕ ದಿಬ್ಬದ ಮೇಲೆ ನಿಂತು ಕೈ ಬೀಸಿದಳಂತೆ, ಚಪ್ಪಾಳೆ ತಟ್ಟಿದಳಂತೆ. ಶಿಳ್ಳೆ ಹಾಕೋಣ ಅಂದರೆ ಉಸಿರು ಬಾಯಿಗೇ ಬರುವುದಿಲ್ಲ. ಮಗಳು ಕೂಗಿದರೆ ಕುರಿ ಕಿವಿಗೇ ಹಾಕಿಕೊಳ್ಳಲಿಲ್ಲ. ಹೊಡೆದು ಬಡಿದು ಮನೆಗೆ ತಂದರೆ ಬೆಳಿಗ್ಗೆ ಬೇಲಿ ಹಾರಿ ದೊಡ್ಡಪ್ಪನ ಅಂಗಳದಲ್ಲಿ ನಿಂತಿರುತ್ತಿದ್ದವು.

ದೊಡ್ಡಪ್ಪ ಕೆಟ್ಟವನಲ್ಲ. ನಾನು ಊರಿಗೆ ಹೋದಾಗ ಅವನೇ ಮಾತು ತೆಗೆದ. "ಅಪ್ಪಾ, ನಂಗ್ಯಾಕೆ ಅವ್ಳ ಕುರಿ? ಆ ಮಿಷಿನ್ ಕೂಗಿಗೆ ಬಂದ್ರೆ ಒಡ್ಕಂಡು ಓಗ್ಲಿ, ನಂಗೆ ಸಂದೋಸ. ಬರ್ನಿಲ್ಲ ಅಂದ್ರೆ ನನ್ನತ್ರನೇ ಇರ್ಲಿ. ದಿನಾ ಎಳೆದಾಡಿದ್ರೆ ಗಬ್ಬದ ಕುರಿ ದಿನ ತುಂಬ್ದೆ ಮರಿ ಆಕ್ಬುಡ್ತವೆ." ಅಕ್ಕ ಹೂಂ ಅಂತ ತಲೆಯಾಡಿಸಿದಳು. ಅವಳ ಮುಖದಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. ನನ್ನ ಕಡೆ ನೋಡಿ ತುಟಿ ಆಡಿಸಿದಳು. ಅವಳ ತುಟಿ ಓದಲು ಮಗಳಿಗೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. "ನನ್ ಕೂಗ ತಮ್ಮ ಮಡಗವ್ನೆ ಅಂತಾವ್ಳೆ ಮಾಮ" ಅಂದಳು ಹುಡುಗಿ.

ಆಗಲೇ ಕೂಗನ್ನು ಅವಳ ಕೈಗೆ ಕೊಡಬಹುದಿತ್ತು, ಆದರೆ ಅಷ್ಟರಲ್ಲಿ ನನ್ನ ತಲೆಗೆ ಇನ್ನೊಂದು ಹುಳ ಹೊಕ್ಕಿತ್ತು. ನನ್ನ ಹಳೆಯ ಶಿಷ್ಯನೊಬ್ಬ ಹೊರದೇಶದಲ್ಲಿದ್ದುಕೊಂಡು ಹೊಸ ಕಾಲದ ಶಾಸ್ತ್ರೀಯ ಸಂಗೀತ ಬರೆಯುತ್ತಾನೆ. ರಾಗವಿಲ್ಲದ, ತಾಳವಿಲ್ಲದ, ಕಮಾನಿನ ಕಟ್ಟಿಗೆಯಿಂದ ತಂತಿಗೆ ಬಡಿಯುವ, ಉಗುರಲ್ಲಿ ಗೀರುವ ಸಂಗೀತ. ಅವನಿಗೆ ಅಕ್ಕನ ಕೂಗು ಕಳಿಸಿದೆ. ಕುಣಿದಾಡಿಬಿಟ್ಟ. ಅದನ್ನೇ ನಡುವೆ ಇಟ್ಟು ಇಪ್ಪತ್ತು ನಿಮಿಷದ ಕೃತಿ ಬರೆದ. ಒಂಬತ್ತನೇ ನಿಮಿಷದಲ್ಲಿ ಎಲ್ಲ ವಾದ್ಯ ನಿಂತು, ಸ್ಪೀಕರಿನಿಂದ ಕೂಗು ಬಂದು, ಅದರ ಬೆನ್ನಿಗೆ ತಂತಿಗಳು ಒಂದೊಂದಾಗಿ ಏಳಬೇಕು. ಸೇಲಂನ ಕಾಲೇಜೊಂದರ ಸಭಾಂಗಣದಿಂದ ನೇರಪ್ರಸಾರ, ಸಂಜೆ ಐದೂವರೆಗೆ. ಶಿಷ್ಯನಿರುವ ದೇಶದವರಿಗೆ ಅದು ಮಧ್ಯಾಹ್ನ.

ಐದೂವರೆ ಅಂದರೆ ಊರಲ್ಲಿ ಕುರಿ ನೀರಿಗಿಳಿಯುವ ಹೊತ್ತು. ಇಲ್ಲೇ ನನ್ನ ಜಂಬ ನನ್ನನ್ನು ಹಾಳು ಮಾಡಿದ್ದು. ಸೇಲಂನಲ್ಲಿ ನಾನು ಕೈ ಎತ್ತಿದಾಗ ಕೂಗು ಎದ್ದು, ಅದೇ ಕೂಗು ಹಿನ್ನೀರಿನ ದಂಡೆಯಲ್ಲಿ ಅಕ್ಕನ ಕುರಿಗಳನ್ನು ಕರೆದು ತರಬೇಕು. ಅದನ್ನು ಮಗಳು ಫೋನಿನಲ್ಲಿ ವಿಡಿಯೊ ಹಿಡಿಯಬೇಕು. ಲೋಕವೇ ಬೆರಗಾಗಬೇಕು! ಹುಡುಗಿ ಹದಿನೈದು ದಿನ ಮೊದಲೇ ಕೇಳಿದ್ದಳು: "ಮಾಮ, ಒಂದ್ ದಪಾ ಸುಮ್ನೆ ಓಡ್ಸಿ ನೋಡ್ಲಾ? ಅವ್ವ ತುಂಬಾ ಕೇಳ್ತಾವ್ಳೆ."

"ಬೇಡ," ಅಂದೆ. "ಮೊದಲೇ ಹಾಕಿದರೆ ಅವತ್ತಿನ ರುಚಿ ಹೋಗುತ್ತೆ. ಹದಿನೈದು ದಿನ ತಾನೇ?" ಫೈಲು ಕಳಿಸಲೂ ಇಲ್ಲ. ಅವತ್ತಿಗೆ ಹನ್ನೆರಡೂ ಸಲ ಕೂಗಿದ್ದು ಇನ್ನೂ ನನ್ನ ಕಂಪ್ಯೂಟರಿನಲ್ಲಿ ಇತ್ತು, ನಾನು ಹೂಂ ಅಂದಿದ್ದರೆ ಉಳಿಯುತ್ತಿತ್ತು. ಆ ವಾರವೇ ಅಭ್ಯಾಸದ ರೆಕಾರ್ಡಿಂಗುಗಳಿಗೆ ಜಾಗ ಸಾಲದೆ ಅವನ್ನೆಲ್ಲ ಅಳಿಸಿಹಾಕಿದೆ. ತಿದ್ದಿದ್ದೊಂದನ್ನೇ ಉಳಿಸಿಕೊಂಡೆ. ಬೇರೆ ಯಾರ ಫೋನಿನಲ್ಲೂ ಅವಳ ಕೂಗು ಇರಲಿಲ್ಲ. ದಿನಾ ಕೇಳುವ ಕೂಗನ್ನು ಯಾರು ಹಿಡಿದಿಡುತ್ತಾರೆ?

ಕಛೇರಿಯ ದಿನ ಸಭಾಂಗಣದಲ್ಲಿ ಎ.ಸಿ. ಸದ್ದು ಮೈಕಿಗೆ ಬೀಳುತ್ತದೆ ಅಂತ ಆರಿಸಿದ್ದರು. ಕೋಟಿನೊಳಗೆ ಬೆವರು ಇಳಿಯುತ್ತಿತ್ತು. ಎದುರಿಗೆ ನೂರು ಜನವೂ ಇರಲಿಲ್ಲ, ಮೂರು ಕ್ಯಾಮೆರಾ ಮಾತ್ರ ಇದ್ದವು. ಶುರುವಾಗುವ ಮುಂಚೆ ಹುಡುಗಿ ಫೋನು ಮಾಡಿದಳು. ಮೈಕ್‌ಸೆಟ್ಟಿನವರ ಹತ್ತಿರ ದೊಡ್ಡ ಸ್ಪೀಕರ್ ಪೆಟ್ಟಿಗೆ ತಂದು ಸ್ಕೂಟರಿನ ಮೇಲೆ ಕಟ್ಟಿದ್ದಾಳಂತೆ, ನೇರಪ್ರಸಾರ ಕೇಳಿಸಲು ಅದಕ್ಕೆ ಇನ್ನೊಂದು ಫೋನು ಸಿಕ್ಕಿಸಿದ್ದಾಳಂತೆ. ಅವ್ವ ಎಣ್ಣೆ ಹಾಕಿ ತಲೆ ಬಾಚಿಕೊಂಡು, ಕುತ್ತಿಗೆಯ ತೂತಿಗೆ ಒಗೆದ ಬಿಳಿ ಬಟ್ಟೆ ಕಟ್ಟಿಕೊಂಡು ಮೂರು ಗಂಟೆಗೇ ದಿಬ್ಬದ ಮೇಲೆ ನಿಂತಿದ್ದಾಳಂತೆ. "ದೊಡ್ತಾತನೂ ಬಂದವ್ನೆ. ನಿಮ್ದು ಮುಗಿಯೋಗಂಟ ಅವ್ನು ಕೂಗಾಕಿಲ್ವಂತೆ, ವೆಯ್ಟ್ ಮಾಡ್ತಾನಂತೆ" ಅಂದಳು. ಅದು ನಮ್ಮ ದೊಡ್ಡಪ್ಪನ ದೊಡ್ಡತನ.

ನಾನು ಕ್ಯಾಮೆರಾಗಳಿಗೆ ಬೆನ್ನು ಹಾಕಿ ನಿಂತು ಕೈ ಎತ್ತಿದೆ. ಹುಡುಗರು ಅವತ್ತು ಪ್ರಾಣ ಕೊಟ್ಟು ನುಡಿಸಿದರು. ಒಂದು ತಂತಿಯೂ ಹರಿಯಲಿಲ್ಲ, ಒಬ್ಬರೂ ತಮ್ಮ ಸರದಿಗೆ ಮುಂಚೆ ಶುರು ಮಾಡಲಿಲ್ಲ. ಎಂಟನೇ ನಿಮಿಷದಿಂದ ಸದ್ದನ್ನೆಲ್ಲ ಅಂಗೈಯಲ್ಲಿ ಒತ್ತಿ ಒತ್ತಿ ಇಳಿಸುತ್ತಾ ಬಂದು, ಪೂರ್ತಿ ನಿಲ್ಲಿಸಿದೆ. ಲ್ಯಾಪ್‌ಟಾಪಿನ ಮುಂದೆ ಕೂತಿದ್ದವಳಿಗೆ ಎಡಗೈಯಲ್ಲಿ ಸನ್ನೆ ಕೊಟ್ಟೆ. ನನ್ನಕ್ಕನ ಕೂಗು ಹಿಂದಿನ ಗೋಡೆಯಿಂದ ಎದ್ದು ಇಡೀ ಸಭಾಂಗಣ ತುಂಬಿತು. ಮುಂದಿನ ಸಾಲಿನ ಚೆಲ್ಲೊ ಹುಡುಗಿಯ ಕಣ್ಣಲ್ಲಿ ನೀರು ಬಂತು. ನನಗೆ ದಿಬ್ಬ ಕಾಣುತ್ತಿತ್ತು, ನೀರು ಕಾಣುತ್ತಿತ್ತು, ಕೆಂಪು ಕುರಿಗಳು ತಲೆ ಎತ್ತುವುದು ಕಾಣುತ್ತಿತ್ತು. ಐವತ್ತು ದಾಟಿದ ನಾನು ಅಷ್ಟು ಸಂತೋಷ ಅದಕ್ಕೆ ಮೊದಲು ಪಟ್ಟಿರಲಿಲ್ಲ.

ಮುಗಿದ ಮೇಲೆ ಚಪ್ಪಾಳೆ. ಯಾರೋ ಶಾಲು ಹೊದೆಸಿದರು. ಪ್ರಸಾರದ ಕೆಳಗೆ ಸಾಲುಸಾಲಾಗಿ ಹೃದಯದ ಗುರುತು ಬೀಳುತ್ತಿವೆ ಸಾರ್ ಅಂತ ಹುಡುಗರು ತೋರಿಸಿದರು. ಕೈಕುಲುಕುವವರನ್ನು ಬದಿಗೆ ಸರಿಸಿ ವೇದಿಕೆಯ ಹಿಂದಿನ ಓಣಿಗೆ ಹೋಗಿ ಹುಡುಗಿಗೆ ಫೋನು ಮಾಡಿದೆ.

"ಕುರಿ ಬಂದ್ವಾ?"

ಗಾಳಿಯ ಸದ್ದು. "ಇಲ್ಲ ಮಾಮ."

"ಎಷ್ಟು ಬಂದ್ವು?"

"ಒಂದೂ ಬರ್ನಿಲ್ಲ. ತಲೆನೂ ಎತ್ನಿಲ್ಲ."

"ಸದ್ದು ಜೋರಾಗಿ ಇಟ್ಟಿದ್ದೆಯೇನೇ?"

"ಫುಲ್ ವಾಲ್ಯೂಮ್ ಮಾಮ. ಮೊದ್ಲು ಆ ಪಿಟೀಲು ಬಂತಲ್ಲ, ದೊಡ್ತಾತ ಇದ್ಯಾರ ಮನೆ ಬಾಗ್ಲೋ ಎಣ್ಣೆ ಕಂಡಿಲ್ಲ ಅಂತ ನಗ್ತಿದ್ದ. ಆಮೇಲೆ ಕೂಗು ಬಂತು. ಪರಿಸಲ್‌ ತೆಪ್ಪದಾಗಿದ್ದ ಮೀನೋರೆಲ್ಲ ತಿರುಗಿ ನೋಡುದ್ರು. ಕುರಿ ನೀರು ಕುಡಿತಾನೇ ಇದ್ವು."

ಆಗ ನನಗೆ ತಿಳಿಯಿತು. ಆ ಮಂದೆಯ ಅರ್ಧಕ್ಕೂ ಹೆಚ್ಚು ಕುರಿ ಹುಟ್ಟಿದ್ದೇ ಅಕ್ಕನ ಕೆಮ್ಮು ಶುರುವಾದ ಮೇಲೆ. ಅವಕ್ಕೆ ಅವಳೆಂದರೆ ಆ ಎರಡು ಒಣಕೆಮ್ಮು, ಆ ಕ್ಯಾಕರಿಕೆ, ನಡುವೆ ಸೀಳುವ ಗಂಟಲು. ನಾನು ಅವೆಲ್ಲವನ್ನೂ ಕಸ ಅಂತ ಗುಡಿಸಿ ಬಿಸಾಡಿದ್ದೆ. ಐದು ತಿಂಗಳಲ್ಲಿ ಕುರಿಗಳೇ ಮರೆತಿರಬಹುದು, ಸ್ಪೀಕರಿನ ಸದ್ದು ಅವಕ್ಕೆ ಹಿಡಿಸದೆ ಇರಬಹುದು ಅಂತ ಆಮೇಲೆ ಎಷ್ಟೋ ಜನ ಸಮಾಧಾನ ಹೇಳಿದ್ದಾರೆ. ಇರಬಹುದು. ಆ ಓಣಿಯಲ್ಲಿ ನನಗೆ ಹಾಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

"ಅಕ್ಕ ಎಲ್ಲಿ?"

"ದಿಬ್ಬದ ಮ್ಯಾಲೇ ನಿಂತವ್ಳೆ. ಬಾ ಓಗನ ಅಂದ್ರೆ ಬರ್ತಿಲ್ಲ ಮಾಮ."

"ಅಳ್ತಿದ್ದಾಳಾ?"

"ಇಲ್ಲ. ಕಾಯ್ತಾವ್ಳೆ. ಯಾರೋ ಚೆಂದಾಗಿ ಕೂಗುದ್ರು, ನಂದು ಯಾವಾಗ ಬತ್ತದೆ ಅಂತ ಕೇಳ್ತಾವ್ಳೆ."

ಓಣಿಯ ಆ ತುದಿಯಲ್ಲಿ ಯಾರೋ ನನ್ನನ್ನು ಫೋಟೊಗೆ ಕರೆಯುತ್ತಿದ್ದರು. "ಅದು ಅವಳದೇ ಅಂತ ಹೇಳು" ಅಂದೆ.

"ನನ್ ಕೈಲಾಗಾಕಿಲ್ಲ ಮಾಮ. ನೀವೇ ಏಳಿ." ಅವಳು ನಡೆದದ್ದು, ಕಲ್ಲು ಜಾರಿದ್ದು ಕೇಳಿಸಿತು. ಆಮೇಲೆ ಫೋನಿನ ತುಂಬ ಉಸಿರು. ಬಾಯಿಯ ಉಸಿರಲ್ಲ, ಕುತ್ತಿಗೆಯ ತೂತಿನಿಂದ ಬಟ್ಟೆಯ ಮೂಲಕ ಹೋಗಿ ಬರುವ ಒದ್ದೆ ಉಸಿರು.

"ಅಕ್ಕಾ," ಅಂದೆ. "ಆಗ ಬಂತಲ್ಲ, ಅದು ನಿಂದೇ ಕಣಕ್ಕ. ಬಂದು ಓಯ್ತು. ಇನ್ನೊಂದು ಇಲ್ಲ. ನಾನೇ ಹಾಳು ಮಾಡಿಬಿಟ್ಟೆ ಅಕ್ಕ, ನಿನ್ನ ಕೂಗನ್ನ ನಾನೇ ಹಾಳು ಮಾಡಿಬಿಟ್ಟೆ."

ಉಸಿರು ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ಅವಳು ತುಟಿ ಆಡಿಸಿರಬಹುದು. ನನಗೆ ಕಾಣುವಂತಿರಲಿಲ್ಲ.

ಬೆಳಕು ಇಳಿಯುತ್ತಿತ್ತೇನೋ, ದೊಡ್ಡಪ್ಪ ಇನ್ನೂ ಎಷ್ಟು ಹೊತ್ತು ಕಾದಾನು? ದೂರದಲ್ಲಿ ಅವನ ಕೂಗು ಎದ್ದಿತು. ನೀರಿನಿಂದ ಕಾಲು ಕಿತ್ತುಕೊಂಡು ಹೊರಟ ನೂರಾರು ಗೊರಸಿನ ಸದ್ದು ಫೋನಿನಲ್ಲಿ ಹತ್ತಿರ ಬಂದು, ಅಕ್ಕನನ್ನು ದಾಟಿ, ಮುಂದೆ ಹೋಯಿತು. ಆಮೇಲೆ ಗಾಳಿ ಮಾತ್ರ ಉಳಿಯಿತು. ಅಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.